ಗದ್ದೆಯ ಪಾಚಿ: ಯಾವುದು ಗೊಬ್ಬರ, ಯಾವುದು ಕಾಟ?

ಪ್ರಶ್ನೆ: ನಾಟಿಯಾದ ಮೇಲೆ ಗದ್ದೆ ತುಂಬಾ ಪಾಚಿ ಕಟ್ಟುತ್ತದೆ, ಮೈಲುತುತ್ತ ಹಾಕಿ ಕೊಲ್ಲುತ್ತೇವೆ. ಈಗ ನೋಡಿದರೆ ನೀಲಿ-ಹಸಿರು ಪಾಚಿಯನ್ನೇ ಗೊಬ್ಬರವಾಗಿ ಹಾಕಿ ಅಂತಾರೆ. ಮನೆಯಲ್ಲೇ ಮಾಡಬಹುದಾ?
– ಓದುಗರು, ಕಾರಟಗಿ

ಉತ್ತರ: ಎರಡೂ ಬೇರೆ ಬೇರೆ. ನೂಲಿನ ಹಾಗೆ ಹೆಣೆದುಕೊಂಡು ಎಳೆ ಸಸಿಯನ್ನು ಮಲಗಿಸುವ ಹಸಿರು ಪಾಚಿಯಿಂದ ಸಾರಜನಕ ಸಿಗುವುದಿಲ್ಲ. ಅನಬೀನಾ, ನಾಸ್ಟಾಕ್, ಟಾಲಿಪೊತ್ರಿಕ್ಸ್‌ನಂಥ ನೀಲಿ-ಹಸಿರು ಪಾಚಿಗಳು ಗಾಳಿಯ ಸಾರಜನಕವನ್ನು ಹಿಡಿದು ಗದ್ದೆಗೆ ಕೊಡುತ್ತವೆ, ವಿಜ್ಞಾನಿ ಪಿ.ಕೆ. ಡೇ ಅವರು 1939ರಲ್ಲೇ ಇದನ್ನು ತೋರಿಸಿದ್ದರು. ಮೈಲುತುತ್ತ ಮಾತ್ರ ಎರಡನ್ನೂ ಕೊಲ್ಲುತ್ತದೆ, ಹಾಗಾಗಿ ಸುಮ್ನೆ ಹಾಕಬೇಡಿ.

ಮನೆಯಲ್ಲಿ ಖಂಡಿತ ಮಾಡಬಹುದು. ನಮ್ಮ ಏಪ್ರಿಲ್-ಮೇ ಬಿಸಿಲು ಇದಕ್ಕೆ ಹೇಳಿ ಮಾಡಿಸಿದ್ದು. ಆರಡಿ ಉದ್ದ, ಮೂರಡಿ ಅಗಲ, ಮುಕ್ಕಾಲು ಅಡಿ ಆಳದ ಗುಂಡಿ ತೋಡಿ, ಪ್ಲಾಸ್ಟಿಕ್ ಹಾಳೆ ಹಾಸಿ, 8–10 ಕಿಲೋ ಗದ್ದೆ ಮಣ್ಣು, 200 ಗ್ರಾಂ ಸೂಪರ್ ಫಾಸ್ಫೇಟ್ ಹಾಕಿ ನೀರು ನಿಲ್ಲಿಸಿ ಕಲಸಿ. ಹುಳಿ ಮಣ್ಣಿಗೆ ಸುಣ್ಣ ಬೇಕು, ನಮ್ಮ ಎರೆ ಮಣ್ಣಿಗೆ ಸಾಮಾನ್ಯವಾಗಿ ಬೇಡ. ಮಣ್ಣು ತಳ ಸೇರಿ ನೀರು ತಿಳಿಯಾದ ಮೇಲೆ ಮೂಲ ಕಲ್ಚರ್ (ಬೀಜದಂತೆ ಬಳಸುವ ನೀಲಿ-ಹಸಿರು ಪಾಚಿ) ಉದುರಿಸಿ. ಅದು ಸಿಗುತ್ತಾ ಅಂತ ಗಂಗಾವತಿ ಅಥವಾ ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ. ಆಮೇಲೆ ಕಲಕಬೇಡಿ. ನೀರು ಇಂಗಿದಷ್ಟು ಮೆಲ್ಲಗೆ ತುಂಬಿಸುತ್ತಿರಿ. 10–15 ದಿನದಲ್ಲಿ ದಪ್ಪ ಪದರ ಕಟ್ಟುತ್ತದೆ. ನೀರು ಹಾಕುವುದನ್ನು ಬಿಟ್ಟು ಒಣಗಲು ಬಿಟ್ಟರೆ ಹಕ್ಕಳೆಯಾಗಿ ಏಳುತ್ತದೆ, ಅದನ್ನು ಕೂಡಿಸಿಡಿ. ಮತ್ತೆ ನೀರು, ಸ್ವಲ್ಪ ಸೂಪರ್ ಫಾಸ್ಫೇಟ್ ಹಾಕಿದರೆ ಅದೇ ಮಣ್ಣಲ್ಲಿ ಇನ್ನೊಂದು ಬೆಳೆ ಬರುತ್ತದೆ.

ಪ್ರಶ್ನೆ: ಇದನ್ನು ಹಾಕಿದರೆ ಯೂರಿಯಾ ಪೂರ್ತಿ ಬಿಡಬಹುದಾ?
– ಓದುಗರು, ಸಿಂಧನೂರು

ಉತ್ತರ: ಇಲ್ಲ. ಯಾರಾದರೂ ಹಾಗೆ ಹೇಳಿ ಮಾರಿದರೆ ನಂಬಬೇಡಿ. ಪಾಚಿ ಚೆನ್ನಾಗಿ ಹಿಡಿದರೆ ಎಕರೆಗೆ 8–12 ಕಿಲೋ ಸಾರಜನಕ ಸಿಗುತ್ತದೆ, 45 ಕಿಲೋ ಯೂರಿಯಾ ಚೀಲದಲ್ಲಿ ಇರುವುದು ಸುಮಾರು 20 ಕಿಲೋ, ಅಂದರೆ ನಿಮಗೆ ಉಳಿಯುವುದು ಹೆಚ್ಚುಕಮ್ಮಿ ಅರ್ಧ ಚೀಲ. ಪ್ರತಿ ಬೆಳೆಗೂ ಉಳಿಯುವ ಅರ್ಧ ಚೀಲ ಕಡಿಮೆಯೇನಲ್ಲ, ಅಲ್ವಾ? ಆದರೆ ಕಾಲುವೆ ಕೆಳಗಿನ ನಮ್ಮವರು ಸುರಿಯುವಷ್ಟು ಯೂರಿಯಾ ಸುರಿದರೆ ಪಾಚಿ ಗಾಳಿಯಿಂದ ಸಾರಜನಕ ಹಿಡಿಯುವುದನ್ನೇ ಕಮ್ಮಿ ಮಾಡುತ್ತದೆ, ನಿಮ್ಮ ದುಡಿಮೆ ದಂಡ.

ನಾಟಿಯಾಗಿ 7–10 ದಿನಕ್ಕೆ, ನಿಂತ ನೀರಿನಲ್ಲಿ ಎಕರೆಗೆ 4 ಕಿಲೋ ಒಣ ಹಕ್ಕಳೆ ಎರಚಿ. ಜಾಸ್ತಿ ಆದರೂ ತೊಂದರೆಯಿಲ್ಲ. ಮುಂದಿನ ಕೆಲವು ದಿನ ಗದ್ದೆ ಒಣಗಬಾರದು. ಮೂರ್ನಾಲ್ಕು ಬೆಳೆ ಬಿಡದೆ ಹಾಕಿ, ರಂಜಕ ಕೊಡುವುದನ್ನೂ ಮರೆಯಬೇಡಿ. ಉಳಿದ ಹಕ್ಕಳೆಯನ್ನು ಒಣ ಜಾಗದಲ್ಲಿಡಿ, ಯೂರಿಯಾ ಚೀಲದ ಪಕ್ಕ ಮಾತ್ರ ಬೇಡ.