ಪ್ರಾಚೀನ ಲಿಸಿಯನ್ ಭಾಷೆಯ ‘ಅರವ’ ಎಂಬ ಕಾನೂನು ಪದದ ಅರ್ಥವೇನು, ಮೂಲ ಯಾವುದು?

‘ಅರವ’ ಎಂದರೆ ಕಟ್ಟುಪಾಡಿನಿಂದ ಬಿಡುಗಡೆ: ಆಸ್ತಿಗಾದರೆ ತೆರಿಗೆ ವಿನಾಯಿತಿ, ಗುಲಾಮನಿಗಾದರೆ ವಿಮೋಚನೆ.

ಇದು ಊಹೆಯಲ್ಲ. ಲಿಸಿಯಾ ಇಂದಿನ ಟರ್ಕಿಯ ನೈಋತ್ಯ ಕರಾವಳಿಯ ನಾಡು. ಅಲ್ಲಿನ ದೇವಾಲಯ ತಾಣ ಲೆಟೂನ್‌ನಲ್ಲಿ 1973ರಲ್ಲಿ ಸಿಕ್ಕ ಕ್ರಿ.ಪೂ. 4ನೇ ಶತಮಾನದ ಶಾಸನದಲ್ಲಿ ಒಂದೇ ವಿಷಯ ಲಿಸಿಯನ್, ಗ್ರೀಕ್, ಅರಮಾಯಿಕ್ ಮೂರರಲ್ಲೂ ಇದೆ. ಸಿಮಿಯಾಸ್ ಎಂಬ ಅರ್ಚಕನ ಆಸ್ತಿಗೆ ಲಿಸಿಯನ್ ಪಾಠ ‘ಅರವ’ ಕೊಡುವಲ್ಲಿ ಗ್ರೀಕ್ ಪಾಠ ‘ಅಟೆಲೆಯಾ’ ಅನ್ನುತ್ತದೆ; ಅದು ತೆರಿಗೆ ವಿನಾಯಿತಿಗೆ ಗ್ರೀಕರ ಖಚಿತ ಪದ. ಬಿಡುಗಡೆಯಾದ ಗುಲಾಮರು ದೇವರಿಗೆ ಹಣ ಸಲ್ಲಿಸಬೇಕೆಂಬ ಸಾಲಿನಲ್ಲೂ ಲಿಸಿಯನ್ನರು ಬಳಸಿದ್ದು ‘ಅರವ’ವನ್ನೇ.

ಪದ ಗ್ರೀಕರಿಂದ ಬಂದದ್ದಲ್ಲ, ಅನಟೋಲಿಯಾದ್ದೇ (ಇಂದಿನ ಟರ್ಕಿಯ ಏಷ್ಯಾ ಭಾಗ). ಸೋದರ ಭಾಷೆ ಹಿಟ್ಟೈಟ್‌ನಲ್ಲೂ ‘ಅರವ’ ಇದೆ. ಆ ಶಾಸನಕ್ಕಿಂತ ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನ ಹಿಟ್ಟೈಟ್ ಕಾನೂನಿನ ಪ್ರಕಾರ ಅರಿನ್ನ ಪಟ್ಟಣದ ನೇಕಾರನ ಮನೆ ‘ಅರವ’, ಅಂದರೆ ‘ಸಹ್ಹನ್’ (ಜಮೀನಿಗೆ ಅಂಟಿದ ಸೇವೆ) ಮತ್ತು ‘ಲುಜ್ಜಿ’ (ಬಿಟ್ಟಿ ಚಾಕರಿ) ಎರಡೂ ಅದಕ್ಕಿಲ್ಲ. ಹಾಗಾಗಿ ಇದನ್ನು ಬರೀ ‘ಸ್ವಾತಂತ್ರ್ಯ’ ಎಂದು ಅನುವಾದಿಸಿದರೆ ದಾರಿ ತಪ್ಪುತ್ತದೆ. ಯಾವ ಹೊರೆಯಿಂದ ಬಿಡುಗಡೆ ಎಂಬುದನ್ನು ಪ್ರತಿ ಸಾಲಿನಲ್ಲೂ ಕೇಳಿಕೊಳ್ಳಲೇಬೇಕು.