ನಾಯಿ ಕಿವಿ ಕೆರೆತ: ಹನಿ ಹಾಕುವ ಮೊದಲು ಕಿವಿ ನೋಡಿ

ಮೂರು ವರ್ಷದ ಲ್ಯಾಬ್ರಡಾರ್, ಕಿವಿ ಕೆರೆದುಕೊಳ್ಳುವುದು, ತಲೆ ಕೊಡವುವುದು ನಿಂತಿಲ್ಲ, ಕಿವಿ ಒಣಗಿ ಹೊಟ್ಟು ಎದ್ದಿದೆ, ಹಿಂದಿನ ಸಲ ಉಳಿದಿದ್ದ ಹನಿ ಹಾಕಿದರೆ ಎರಡು ದಿನ ಕಡಿಮೆಯಾಗಿ ಮತ್ತೆ ಶುರು ಅಂತ ಬರೆದಿದ್ದೀರಿ. ಮೇಲಿನ ಉತ್ತರಗಳಲ್ಲಿ ಒಬ್ಬರು ಕಿವಿಗೆ ಎಣ್ಣೆ ಹಾಕಿ ಅಂದಿದ್ದಾರೆ, ಇನ್ನೊಬ್ಬರು ವಿನೆಗರ್ ಅಂದಿದ್ದಾರೆ. ಸದ್ಯಕ್ಕೆ ಎರಡೂ ಬೇಡ. ಆ ಹಳೇ ಹನಿಯೂ ಬೇಡ.

ಯಾಕೆ ಅಂದರೆ, ನಾಯಿಯ ಕಿವಿ ನಾಳ ನಮ್ಮದರ ಹಾಗೆ ನೇರ ಇಲ್ಲ. ಮೊದಲು ಕೆಳಕ್ಕೆ ಇಳಿದು, ಆಮೇಲೆ ತಲೆಯ ಒಳಕ್ಕೆ ಅಡ್ಡ ತಿರುಗುತ್ತದೆ. ಕಿವಿ ತಮಟೆ ಇರುವುದು ಆ ತಿರುವಿನ ಆಚೆ. ಅದು ತೂತಾಗಿದೆಯೋ ಇಲ್ಲವೋ ಮನೆಯಲ್ಲಿ ನೋಡಿ ಹೇಳುವುದಕ್ಕೆ ಆಗುವುದಿಲ್ಲ. ತೂತಾಗಿದ್ದರೆ ಕೆಲವು ಹನಿಗಳು, ಉದಾಹರಣೆಗೆ ಜೆಂಟಾಮೈಸಿನ್, ನಿಯೋಮೈಸಿನ್ ಎಂಬ ಆ್ಯಂಟಿಬಯಾಟಿಕ್ ಇರುವಂಥವು, ಒಳಕಿವಿಗೆ ಇಳಿದು ಕಿವುಡುತನ ತರಬಹುದು. ವಿನೆಗರ್, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಕೆರೆದು ಹಸಿಯಾದ ಚರ್ಮಕ್ಕೆ ತಗುಲಿದರೆ ಉರಿ ಸಹಿಸಲಾಗದು. ಆಮೇಲೆ ಆ ನಾಯಿ ಕಿವಿ ಮುಟ್ಟಲು ಬಿಡುವುದೇ ಇಲ್ಲ. ಎಣ್ಣೆ ಹಾಕಿದರೆ ಒಳಗಿನ ಕೊಳೆ ಅಲ್ಲೇ ಅಂಟಿಕೊಂಡು ಕೂರುತ್ತದೆ. ಟೀ ಟ್ರೀ ಎಣ್ಣೆಯಂತೂ ನಾಯಿಗೆ ವಿಷ, ಹತ್ತಿರವೂ ತರಬೇಡಿ.

ಮೊದಲು ಕೆರೆತ ಎಲ್ಲಿದೆ ನೋಡಿ. ಜೋತು ಬಿದ್ದಿರುವ ಹಾಲೆಯಲ್ಲೋ, ನಾಳದ ಒಳಗೋ? ಇದೊಂದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಬೆಳಕಿಗೆ ಕೂರಿಸಿ, ಹಾಲೆ ಮಗುಚಿ, ಎರಡೂ ಕಿವಿ ಒಂದರ ಪಕ್ಕ ಒಂದು ಹೋಲಿಸಿ. ಮೂಸಿಯೂ ನೋಡಿ, ಸಂಕೋಚ ಬೇಡ.

ಹಾಲೆಯ ತುದಿಯಲ್ಲಿ ಮಾತ್ರ ಕಪ್ಪು ಹಕ್ಕಳೆ ಇದ್ದರೆ ನೊಣ ಕಚ್ಚಿರಬಹುದು. ಅಂಚಿನುದ್ದಕ್ಕೂ ಒಣ ಹೊಟ್ಟು, ಕೂದಲು ಉದುರುವುದು, ಜೊತೆಗೆ ಮೊಣಕೈಯಲ್ಲೂ ಹಾಗೇ ಇದ್ದರೆ ಕಜ್ಜಿ ನುಸಿಯ (ಚರ್ಮ ಕೊರೆಯುವ ತೀರಾ ಸಣ್ಣ ಹುಳ) ಅನುಮಾನ ಬರಬೇಕು. ಹಾಲೆಯ ಅಂಚನ್ನು ಬೆರಳುಗಳ ನಡುವೆ ಹಿಡಿದು ಉಜ್ಜಿ. ಹಿಂಗಾಲು ತಾನಾಗಿ ಕೆರೆಯುವ ಹಾಗೆ ಆಡಿದರೆ ಆ ಅನುಮಾನ ಇನ್ನೂ ಜಾಸ್ತಿ. ಖಚಿತ ಅಂತಲ್ಲ, ಆದರೆ ಡಾಕ್ಟರಿಗೆ ಹೇಳಬೇಕಾದ ವಿಷಯ. ಇದು ಮನೆಯವರಿಗೂ ಸ್ವಲ್ಪ ದಿನ ತುರಿಕೆ ತರುತ್ತದೆ. ಇವು ಯಾವುವೂ ಇಲ್ಲ, ಬರೀ ಒಣಗಿದೆ ಅಂದರೆ ಸ್ನಾನ ಜಾಸ್ತಿ ಆಗಿದೆಯಾ, ಶಾಂಪೂ ಸರಿಯಾಗಿ ತೊಳೆದು ಹೋಗಿದೆಯಾ ಯೋಚಿಸಿ.

ನಾಳದ ಒಳಗಾದರೆ ಬಣ್ಣ, ವಾಸನೆ ಸುಳಿವು ಕೊಡುತ್ತವೆ. ಕಾಫಿ ಪುಡಿಯಂಥ ಕಪ್ಪು ಒಣ ಚರಟ, ಜೊತೆಗೆ ತಡೆಯಲಾಗದ ಕೆರೆತ ಇದ್ದರೆ ಕಿವಿ ನುಸಿ ಇರಬಹುದು. ಇದು ಮರಿಗಳಲ್ಲೇ ಜಾಸ್ತಿ, ಬೆಕ್ಕಿನಿಂದಲೂ ಹತ್ತುತ್ತದೆ. ಮೊಟ್ಟೆಯಿಂದ ದೊಡ್ಡ ನುಸಿ ಆಗಲು ಸುಮಾರು 3 ವಾರ ಬೇಕು. ಹಾಗಾಗಿ ನಾಲ್ಕು ದಿನ ಮದ್ದು ಹಾಕಿ ಬಿಟ್ಟರೆ ವಾಪಸ್ ಬರುತ್ತದೆ. ಮನೆಯ ಎಲ್ಲ ನಾಯಿ ಬೆಕ್ಕುಗಳಿಗೂ ಒಟ್ಟಿಗೆ ಚಿಕಿತ್ಸೆ ಆಗಬೇಕು. ಕಂದು ಬಣ್ಣದ ಜಿಡ್ಡು ಗುಗ್ಗೆ, ಹುಳಿ ವಾಸನೆ ಬಂದರೆ ಸಾಮಾನ್ಯವಾಗಿ ಯೀಸ್ಟ್ ಎಂಬ ಶಿಲೀಂಧ್ರ. ಹಳದಿ ಅಥವಾ ಹಸಿರು ಕೀವು, ಕೆಟ್ಟ ನಾತ, ಮುಟ್ಟಿದರೆ ಕೂಗುವುದು ಅಂದರೆ ಬ್ಯಾಕ್ಟೀರಿಯಾ. ಹುಲ್ಲಿನಲ್ಲಿ ಓಡಾಡಿ ಬಂದ ಮೇಲೆ ಒಂದೇ ಕಿವಿ ಇದ್ದಕ್ಕಿದ್ದಂತೆ ಶುರುವಾಗಿದ್ದರೆ ಹುಲ್ಲಿನ ಮುಳ್ಳೋ ಉಣ್ಣಿಯೋ ಒಳಗೆ ಸೇರಿರಬಹುದು. ಕಣ್ಣಿಗೆ ಕಂಡರೂ ಚಿಮಟ ಹಾಕಿ ಆಳಕ್ಕೆ ಹೋಗಬೇಡಿ.

ಇಷ್ಟು ಹೇಳಿದರೂ ಬಣ್ಣ ನೋಡಿ ಮದ್ದು ಆರಿಸುವ ಹಾಗಿಲ್ಲ. ಯೀಸ್ಟೂ ಬ್ಯಾಕ್ಟೀರಿಯಾವೂ ಒಟ್ಟಿಗೇ ಇರುವುದು ಮಾಮೂಲು. ಗುಗ್ಗೆ ಸ್ವಲ್ಪ ತೆಗೆದು ಸ್ಲೈಡಿಗೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೇಗ ಗೊತ್ತಾಗುತ್ತದೆ. ನೋಡದೆ ಹನಿ ಬರೆದುಕೊಟ್ಟರೆ, "ಸ್ಲೈಡ್ ಹಾಕಿ ನೋಡ್ತೀರಾ ಡಾಕ್ಟ್ರೇ" ಅಂತ ನೀವೇ ಕೇಳಿ. ತಪ್ಪೇನಿಲ್ಲ. ಇನ್ನೊಂದು ವಿಷಯ, ತೋರಿಸಲು ಹೋಗುವ ಹಿಂದಿನ ದಿನ ಕಿವಿ ತೊಳೆಯಬೇಡಿ. ನೋಡಲು ಏನೂ ಉಳಿದಿರುವುದಿಲ್ಲ.

ಈಗ ನಿಮ್ಮ ನಾಯಿಯ ವಿಷಯ. ಹನಿ ಹಾಕಿದಾಗ ಕಡಿಮೆ, ಬಿಟ್ಟರೆ ವಾಪಸ್. ಇದನ್ನು ಓದಿದ ಕೂಡಲೇ ನನಗೆ ಅನಿಸಿದ್ದು ಅಲರ್ಜಿ. ನಾಯಿಯಲ್ಲಿ ಕಿವಿ ಪದೇ ಪದೇ ಕೆಡುವುದಕ್ಕೆ ಬಹಳ ಸಲ ಮೂಲ ಇರುವುದು ಚರ್ಮದ ಅಲರ್ಜಿಯಲ್ಲಿ. ಧೂಳಿನ ನುಸಿ, ಹೂವಿನ ಪರಾಗ, ಇಲ್ಲವೇ ತಿನ್ನುವ ಆಹಾರದಲ್ಲಿರುವ ಯಾವುದೋ ಮಾಂಸ ಅಥವಾ ಹಾಲು. ಅಲರ್ಜಿಯಿಂದ ನಾಳದ ಚರ್ಮ ಕೆಂಪಾಗಿ ಊದುತ್ತದೆ, ಗುಗ್ಗೆ ಜಾಸ್ತಿ ಆಗುತ್ತದೆ, ಆ ಬಿಸಿ ತೇವದಲ್ಲಿ ಯೀಸ್ಟ್ ಬೆಳೆಯುತ್ತದೆ. ಹನಿ ಯೀಸ್ಟನ್ನು ಕೊಲ್ಲುತ್ತದೆ, ಅಲರ್ಜಿ ಅಲ್ಲೇ ಇರುತ್ತದೆ. ಲ್ಯಾಬ್ರಡಾರ್ ತಳಿಯಲ್ಲಿ ಇದು ಹೊಸದಲ್ಲ. ಪಾದ ನೆಕ್ಕುತ್ತದೆಯಾ, ಹೊಟ್ಟೆ, ಕಂಕುಳು ಕೆಂಪಾಗಿವೆಯಾ, ಮುಖವನ್ನು ನೆಲಕ್ಕೆ ಉಜ್ಜುತ್ತದೆಯಾ ನೋಡಿ. ಹೌದಾದರೆ ಕಿವಿಗೆ ಮಾತ್ರ ಮದ್ದು ಮಾಡಿ ಪ್ರಯೋಜನವಿಲ್ಲ, ಚರ್ಮಕ್ಕೂ ಸೇರಿಸಿ ತೋರಿಸಿ.

ಆಹಾರದ ಅನುಮಾನ ಇದ್ದರೆ ಪರೀಕ್ಷೆ ಒಂದೇ. ಇದುವರೆಗೆ ತಿನ್ನದ ಒಂದೇ ಬಗೆಯ ಪ್ರೋಟೀನ್, ಕನಿಷ್ಠ 8 ವಾರ, ಡಾಕ್ಟರ್ ಹೇಳಿದ ಹಾಗೆ. ನಡುವೆ ಬಿಸ್ಕೆಟ್ ಇಲ್ಲ, ಮಕ್ಕಳ ತಟ್ಟೆಯಿಂದ ಬೀಳುವ ತುಂಡು ಇಲ್ಲ, ಮಾಂಸದ ರುಚಿ ಹಾಕಿದ ಮಾತ್ರೆಯೂ ಇಲ್ಲ. ಇದು ಕಷ್ಟ. ಮನೆಯಲ್ಲಿ ಯಾರಾದರೂ ಒಬ್ಬರು ಕದ್ದು ಕೊಟ್ಟೇ ಕೊಡುತ್ತಾರೆ. ಮೊದಲೇ ಎಲ್ಲರನ್ನೂ ಕೂರಿಸಿ ಹೇಳಿಬಿಡಿ. ಅಲರ್ಜಿಗೆ ರಕ್ತ ಪರೀಕ್ಷೆ ಮಾಡಿಸಿ ಆಹಾರ ಬದಲಾಯಿಸುವುದನ್ನು ನಾನು ನಂಬುವುದಿಲ್ಲ. ಆಹಾರದ ವಿಷಯದಲ್ಲಿ ಆ ಪರೀಕ್ಷೆಯ ಉತ್ತರ ಭರವಸೆಗೆ ಸಾಲದು.

ತೊಳೆಯುವುದು ಹೇಗೆ ಅಂತಲೂ ಕೇಳಿದ್ದೀರಿ. ತಮಟೆ ಸರಿಯಿದೆ ಅಂತ ಡಾಕ್ಟರ್ ನೋಡಿ ಹೇಳಿದ ಮೇಲೆ, ನಾಯಿಗಳಿಗೆಂದೇ ಮಾಡಿದ ಇಯರ್ ಕ್ಲೀನರ್ ತನ್ನಿ. ತಣ್ಣಗಿದ್ದರೆ ಬಾಟಲಿಯನ್ನು ಕೈಯಲ್ಲಿ ಸ್ವಲ್ಪ ಹೊತ್ತು ಹಿಡಿದು ಬೆಚ್ಚಗೆ ಮಾಡಿಕೊಳ್ಳಿ. ಹಾಲೆ ಮೇಲೆತ್ತಿ ನಾಳ ತುಂಬುವಷ್ಟು ಹಾಕಿ. ಎರಡು ಹನಿ ಸಾಲದು. ಬಾಟಲಿ ಮೂತಿ ಕಿವಿಗೆ ತಗುಲದಿರಲಿ. ಕಿವಿಯ ಬುಡವನ್ನು 20–30 ಸೆಕೆಂಡ್ ಮೆಲ್ಲಗೆ ಹಿಸುಕಿ, ಪಿಚ ಪಿಚ ಸದ್ದು ಬರಬೇಕು. ಆಮೇಲೆ ಬಿಟ್ಟುಬಿಡಿ, ತಲೆ ಕೊಡವಲಿ. ನೀವು ಪಕ್ಕಕ್ಕೆ ನಿಲ್ಲಿ, ಇಲ್ಲದಿದ್ದರೆ ಎಲ್ಲ ನಿಮ್ಮ ಮುಖಕ್ಕೇ. ಮೇಲೆ ಬಂದ ಕೊಳೆಯನ್ನು ಹತ್ತಿಯಲ್ಲಿ ಒರೆಸಿ, ಬೆರಳು ಹೋಗುವಷ್ಟು ಮಾತ್ರ. ಇಯರ್ ಬಡ್ ಬೇಡ, ಅದು ಗುಗ್ಗೆಯನ್ನು ಆ ತಿರುವಿಗೇ ತಳ್ಳುತ್ತದೆ. ಆರೋಗ್ಯವಾದ ಕಿವಿಯನ್ನು ಸುಮ್ನೆ ದಿನಾ ತೊಳೆಯಲೂ ಬೇಡಿ, ಅದರಿಂದಲೇ ಕೆರೆತ ಶುರುವಾಗಬಹುದು. ನೀರಿಗಿಳಿದು ಬಂದರೆ ಒರೆಸಿ ಒಣಗಿಸಿದರೆ ಸಾಕು. ಮದ್ದು ಕೊಟ್ಟಿದ್ದರೆ ಹೇಳಿದಷ್ಟು ದಿನ ಹಾಕಿ, ಕೆರೆತ ನಿಂತರೂ ಸಹ, ಆಮೇಲೆ ಮತ್ತೊಮ್ಮೆ ತೋರಿಸಿ.

ದನಕ್ಕೆ ತಂದ ಐವರ್‌ಮೆಕ್ಟಿನ್ ಎಂಬ ಹುಳದ ಮದ್ದು ಉಳಿದಿದೆ, ಅದನ್ನೇ ಕೊಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ನಾಯಿಗೆ ಪ್ರಮಾಣವೇ ಬೇರೆ. ಕೋಲಿಯಂಥ ತಳಿಗಳಿಗೆ ಅದು ಮೆದುಳಿಗೇ ಹತ್ತಿ ಜೀವ ಹೋಗಬಹುದು.

ತಲೆ ಒಂದು ಕಡೆ ವಾಲಿದೆ, ನಡೆದರೆ ಓಲಾಡುತ್ತದೆ, ಕಣ್ಣುಗುಡ್ಡೆ ಅತ್ತಿತ್ತ ಅಲುಗುತ್ತಿದೆ ಅಂದರೆ ಇವತ್ತೇ ಹೋಗಿ, ಒಳಕಿವಿಗೆ ತಗುಲಿರಬಹುದು. ಹಾಲೆ ದಪ್ಪಗೆ ಊದಿ ಮೆತ್ತಗಾದರೆ ಕೊಡವಿ ಕೊಡವಿ ಒಳಗೆ ರಕ್ತ ತುಂಬಿದೆ ಅಂತ ಅರ್ಥ. ಅದನ್ನು ಸೂಜಿಯಿಂದ ಚುಚ್ಚಿ ತೆಗೆಯಲು ಹೋಗಬೇಡಿ, ಡಾಕ್ಟರಿಗೆ ತೋರಿಸಿ.

ಎರಡೂ ಕಿವಿ ಮಗುಚಿ ಬೆಳಕಿನಲ್ಲಿ ತೆಗೆದ ಫೋಟೋ ಇಲ್ಲಿ ಹಾಕಿ. ಆ ಹಳೇ ಹನಿಯ ಹೆಸರು, ಪಾದ ನೆಕ್ಕುತ್ತದೆಯಾ ಇಲ್ಲವಾ, ಈಗ ಏನು ತಿನ್ನಿಸುತ್ತಿದ್ದೀರಿ, ಇಷ್ಟು ಬರೆಯಿರಿ.