ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ: ಪೂಜೆಯಿಲ್ಲದ ದೇವರ ಮುಂದೆ

ಪ್ರಶ್ನೆ: ನಮ್ಮ ಮನೆದೇವರು ಬಾದಾಮಿಯ ಬನಶಂಕರಿ. ಅಡಿಕೆಯ ಕೊನೆಕೊಯ್ಲು ಮುಗಿಸಿ, ಈ ಸಲ ಅಮ್ಮನನ್ನು ಕರೆದುಕೊಂಡು ಹೋಗಿ ಹರಕೆ ಒಪ್ಪಿಸಬೇಕೆಂದಿದ್ದೇವೆ. ಗುಹೆಗಳನ್ನೂ ನೋಡಬೇಕೆಂಬುದು ನನ್ನ ಬಹಳ ದಿನದ ಆಸೆ. ಆದರೆ ಅಮ್ಮನಿಗೆ ಮಂಡಿನೋವು. ‘ಪೂಜೆಯೇ ಇಲ್ಲದ ದೇವರನ್ನು ನೋಡಕ್ಕೆ ಅಷ್ಟು ಮೆಟ್ಟಿಲು ಯಾಕೆ ಹತ್ತಬೇಕು?’ ಅನ್ನುತ್ತಾರೆ. ಏನು ಹೇಳಲಿ? ಪಟ್ಟದಕಲ್ಲು, ಐಹೊಳೆ ಎಲ್ಲ ಸೇರಿಸಿ ಒಂದೇ ದಿನದಲ್ಲಿ ಮುಗಿಸಬಹುದೇ?
– ಓದುಗರೊಬ್ಬರು, ಹೊಸನಗರ

ಉತ್ತರ: ನಿಮ್ಮ ಪ್ರಶ್ನೆಗಿಂತ ಅಮ್ಮನ ಪ್ರಶ್ನೆ ದೊಡ್ಡದು. ಅದಕ್ಕೇ ಮೊದಲು ಉತ್ತರ ಹೇಳುತ್ತೇನೆ.

ಗುಹೆಗಳು ಈಗ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ, ನಿತ್ಯಪೂಜೆ ಇಲ್ಲ ನಿಜ. ಮೂರನೆಯ ಗುಹೆಯ ಗರ್ಭಗುಡಿಯಂತೂ ಖಾಲಿ. ಆದರೆ ಅದೇ ಗುಹೆಯಲ್ಲಿ ಒಂದು ಶಾಸನವಿದೆ. ಶಕವರ್ಷ 500, ಅಂದರೆ ಕ್ರಿ.ಶ. 578ರ ಕಾರ್ತಿಕ ಹುಣ್ಣಿಮೆಯ ದಿನ ಚಾಲುಕ್ಯರ ಮಂಗಳೇಶ ಅಲ್ಲಿ ವಿಷ್ಣುವನ್ನು ಪ್ರತಿಷ್ಠೆ ಮಾಡಿದ. ಆಗ ಪಟ್ಟದಲ್ಲಿದ್ದವನು ಅವನ ಅಣ್ಣ ಕೀರ್ತಿವರ್ಮ. ಈ ಕೆಲಸದ ಪುಣ್ಯವೆಲ್ಲ ಅಣ್ಣನಿಗೆ ಸೇರಲಿ, ಅಣ್ಣನ ಸೇವೆ ಮಾಡಿದ ಫಲ ಮಾತ್ರ ನನಗಿರಲಿ ಎಂದು ಮಂಗಳೇಶ ನೀರೆರೆದು ಬಿಟ್ಟುಕೊಟ್ಟ. ಅಲ್ಲೇ ಕನ್ನಡದ ಚಿಕ್ಕ ಬರಹವೊಂದೂ ಇದೆ. ಈ ಕಲ್ಮನೆಗೆ ಲಂಜಿಗೇಸರ ಎಂಬ ಊರನ್ನು ಬಿಟ್ಟದ್ದನ್ನು ಅದು ಹೇಳುತ್ತದೆ. ದೇವರಿಗೆ ಹೂ ಒದಗಿಸುವ ಮಾಲೆಗಾರನಿಗೂ ಅದರಲ್ಲಿ ಪಾಲುಂಟು. ಅದನ್ನು ಕೆಡಿಸಿದವನು ಏಳನೆಯ ನರಕದ ಹುಳುವಾಗಲಿ ಎಂಬ ಶಾಪವೂ ಇದೆ. ಹೂ ಕಟ್ಟುವವನ ಹೊಟ್ಟೆಪಾಡನ್ನು ಬಂಡೆಯ ಮೇಲೆ ಬರೆಸಿ ಕಾಪಾಡಿದ ಜಾಗ ಅದು. ದಿನಾ ಬೆಳಿಗ್ಗೆ ದಾಸವಾಳ, ನಂದಿಬಟ್ಟಲು ಕೊಯ್ದು ದೇವರಿಗೆ ಇಡುವ ನಿಮ್ಮ ಅಮ್ಮನಿಗೆ ಇಷ್ಟು ಹೇಳಿ ನೋಡಿ. ಮೆಟ್ಟಿಲ ಮಾತು ಆಮೇಲೆ ಅವರೇ ಎತ್ತುತ್ತಾರೆ.

ಮೆಟ್ಟಿಲು ಎತ್ತರ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಒಂದೇ ಉಸಿರಿಗೆ ಹತ್ತಬೇಕಿಲ್ಲ. ನಾಲ್ಕೂ ಗುಹೆಗಳು ಒಂದಕ್ಕಿಂತ ಒಂದು ಮೇಲಿವೆ, ಪ್ರತಿಯೊಂದರ ಮುಂದೂ ಕೂರಲು ಜಾಗವುಂಟು. ಬೆಳಿಗ್ಗೆ ಬಾಗಿಲು ತೆಗೆಯುತ್ತಲೇ ಹೋಗಿ. ಬಿಸಿಲೇರಿದರೆ ಆ ಕೆಂಪು ಮರಳುಗಲ್ಲು ಕಾದು ಕಾಲಿಡಗೊಡುವುದಿಲ್ಲ. ಕೋತಿಗಳ ಕಾಟ ವಿಪರೀತ. ಪ್ರಸಾದದ ಚೀಲ, ಬಾಳೆಹಣ್ಣು ಕೈಯಲ್ಲಿ ಹಿಡಿದು ಹೋಗಲೇಬೇಡಿ.

ಮೊದಲ ಗುಹೆಯ ಹೊರಗೇ ಬಲಕ್ಕೆ ಹದಿನೆಂಟು ಕೈಗಳ ನಟರಾಜ. ಎಲ್ಲರೂ ಕೈ ಎಣಿಸುತ್ತಾರೆ. ಎಣಿಸಿ, ತಪ್ಪೇನಿಲ್ಲ. ಎಣಿಸಿ ಆದಮೇಲೆ ಪಾದಗಳನ್ನು ನೋಡಿ, ಪಕ್ಕದಲ್ಲಿರುವ ಗಣಪತಿಯನ್ನೂ ವಾದ್ಯ ನುಡಿಸುವವನನ್ನೂ ನೋಡಿ. ತಾಳ ಹಾಕುವವರು ಜೊತೆಗಿರುವುದರಿಂದಲೇ ಅದು ಬರೀ ಭಂಗಿಯಾಗದೆ ಕುಣಿತವಾಗಿದೆ. ಅದೇ ಗುಹೆಯ ಎಡಬದಿಯ ದ್ವಾರಪಾಲಕನ ಕೆಳಗೆ ಒಂದೇ ತಲೆಯ ಆನೆ–ಎತ್ತು ಇದೆ. ಅಂಗೈಯಿಂದ ಒಂದು ಬದಿಯ ಮೈ ಮುಚ್ಚಿದರೆ ಆನೆ, ಇನ್ನೊಂದು ಬದಿ ಮುಚ್ಚಿದರೆ ಎತ್ತು. ಕಲ್ಲಿಗೆ ಕೈ ತಾಗಿಸದೆ ಕಣ್ಣಿನ ಮುಂದೆ ಅಂಗೈ ಹಿಡಿದರೆ ಸಾಕು. ಶಾಲೆಯ ಮಕ್ಕಳನ್ನು ಕರೆದೊಯ್ದಾಗ ಇದರ ಮುಂದಿನಿಂದ ಅವರನ್ನು ಎಬ್ಬಿಸುವುದೇ ಕಷ್ಟವಾಗುತ್ತಿತ್ತು.

ಎರಡನೆಯದರಲ್ಲಿ ವರಾಹ, ತ್ರಿವಿಕ್ರಮರನ್ನು ನೋಡಿ ಬೇಗ ಮುಂದೆ ಹೋಗಿ. ಅಮ್ಮನ ಕಾಲಿನ ಶಕ್ತಿಯನ್ನು ಮೂರನೆಯದಕ್ಕೆ ಉಳಿಸಿಕೊಳ್ಳಬೇಕು. ಸುಮಾರು 70 ಅಡಿ ಅಗಲದ ಆ ಮೊಗಸಾಲೆಯ ಒಂದು ತುದಿಯಲ್ಲಿ ಆದಿಶೇಷನ ಸುರುಳಿಯ ಮೇಲೆ ವಿಷ್ಣು ಕುಳಿತಿದ್ದಾನೆ. ಮಲಗಿದ ರಂಗನಾಥನನ್ನು ಕಂಡು ಬೆಳೆದ ನಮಗೆ ಹೀಗೆ ಕೂತವನು ಅಪರೂಪ. ಅಮ್ಮನನ್ನು ಅವನೆದುರು ಕೂರಿಸಿ. ನೀವು ಫೋನು ಒಳಗಿಟ್ಟು ಪಕ್ಕದಲ್ಲಿ ಕೂತಿರಿ. ಅವಸರ ಮಾಡಬೇಡಿ. ನಾಲ್ಕನೆಯದು ಜೈನರದು, ಪಾರ್ಶ್ವನಾಥ, ಬಾಹುಬಲಿ ಇದ್ದಾರೆ. ಕೈಗೆಟುಕುವ ದೂರದಲ್ಲೇ ಇದೆ, ಬಿಡಬೇಡಿ.

ಇನ್ನು ಒಂದೇ ದಿನದ ಮಾತು: ಖಂಡಿತ ಬೇಡ. ಬನದ ಹುಣ್ಣಿಮೆಯ ಜಾತ್ರೆ ಪುಷ್ಯದಲ್ಲಿ ಬರುತ್ತದೆ, ಅಂಗಳದ ತುಂಬ ಅಡಿಕೆ ಹರವಿರುವ ಹೊತ್ತಿಗೆ ನಮ್ಮವರು ಮನೆ ಬಿಟ್ಟು ಹೊರಡುವುದು ಕಷ್ಟ. ಜನಜಂಗುಳಿ ಕರಗಿದ ಮೇಲೆ, ಫೆಬ್ರವರಿಯಲ್ಲಿ ಹೊರಡಿ. ಮಾರ್ಚ್ ದಾಟಿದರೆ ಆ ಸೀಮೆಯ ಬಿಸಿಲು ಮಲೆನಾಡಿನ ಮೈಗೆ ತಡೆಯದು. ಹೊಸನಗರದವರು ಶಿವಮೊಗ್ಗಕ್ಕೆ ಇಳಿಯುವುದಕ್ಕಿಂತ ಸಾಗರ, ಸೊರಬ, ಆನವಟ್ಟಿ, ಹಾನಗಲ್ಲಿನ ಮೇಲೆ ಹುಬ್ಬಳ್ಳಿ ಸೇರುವುದು ಒಳ್ಳೆಯದು. ರಾತ್ರಿ ಅಲ್ಲೇ ತಂಗಿ. ಮರುದಿನ ಬೆಳಿಗ್ಗೆ ಬನಶಂಕರಿ. ಹರಕೆ ಒಪ್ಪಿಸಿ ಹೊಂಡದ ಹತ್ತಿರ ಬಂದರೆ ಬುಟ್ಟಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಚಟ್ನಿ, ಕುಡಿಕೆಯ ಮೊಸರು ಇಟ್ಟುಕೊಂಡ ತಾಯಂದಿರು ಕರೆಯುತ್ತಾರೆ. ಹೋಟೆಲು ಹುಡುಕದೆ ಅಲ್ಲೇ ಉಣ್ಣಿ. ಮಧ್ಯಾಹ್ನದ ಮೇಲೆ ಮಹಾಕೂಟ: ಬುಗ್ಗೆಯ ನೀರಿನ ಪುಷ್ಕರಿಣಿ, ಸುತ್ತ ಚಾಲುಕ್ಯರ ಗುಡಿಗಳು. ಅಲ್ಲಿ ಇಂದಿಗೂ ಪೂಜೆಯುಂಟು, ಅಮ್ಮನ ಮನಸ್ಸು ತುಂಬುತ್ತದೆ. ಅದರ ಮರುದಿನ ಬೆಳಿಗ್ಗೆ ಗುಹೆಗಳು, ಸಂಜೆ ಅಗಸ್ತ್ಯ ತೀರ್ಥದ ಕೆರೆ ದಡದ ಭೂತನಾಥ ಗುಡಿ. ಪಟ್ಟದಕಲ್ಲಿಗೆ ಅರ್ಧ ದಿನ ಬೇರೆ ಇಡಿ. ಅಲ್ಲಿನ ವಿರೂಪಾಕ್ಷ ಗುಡಿ, ಗಂಡ, ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದದ್ದಕ್ಕೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು, ಅಲ್ಲೂ ಪೂಜೆ ನಡೆಯುತ್ತದೆ. ಐಹೊಳೆಯನ್ನು ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ತಾಳಗುಂದಕ್ಕೂ ಬಾದಾಮಿಗೂ ಏನಾದರೂ ಸಂಬಂಧವಿದೆಯೇ?
– ಕಾಲೇಜು ವಿದ್ಯಾರ್ಥಿ, ಶಿರಾಳಕೊಪ್ಪ

ಉತ್ತರ: ಇದೆ, ಗೆದ್ದವರ ಮತ್ತು ಸೋತವರ ಸಂಬಂಧ. ತಾಳಗುಂದದ ಕಂಬದ ಮೇಲೆ ಕವಿ ಕುಬ್ಜ ಬರೆದಿರುವುದು ಮಯೂರಶರ್ಮನಿಂದ ಬೆಳೆದ ಕದಂಬರ ಕಥೆಯನ್ನು. ಆ ಕದಂಬರನ್ನು ಬನವಾಸಿಯಲ್ಲಿ ಮಣಿಸಿದವನು ಮೇಲೆ ಹೇಳಿದ ಕೀರ್ತಿವರ್ಮನೇ. ಐಹೊಳೆಯ 634ರ ಶಾಸನದಲ್ಲಿ ಕವಿ ರವಿಕೀರ್ತಿ ಅವನನ್ನು ನಳ, ಮೌರ್ಯ, ಕದಂಬರ ಪಾಲಿಗೆ ಕಾಳರಾತ್ರಿ ಎಂದು ಕರೆದಿದ್ದಾನೆ. ಮೊದಲು ತಾಳಗುಂದದ ಕಂಬ ನೋಡಿ, ಆಮೇಲೆ ಬಾದಾಮಿಗೆ ಹೋಗಿ. ನಿಮ್ಮ ಊರಿನ ಪಕ್ಕದಲ್ಲೇ ಶುರುವಾದ ಕಥೆಯ ಮುಂದಿನ ಭಾಗ ಅಲ್ಲಿದೆ.

ಪ್ರಶ್ನೆ: ಬಾದಾಮಿಯ ಕಪ್ಪೆ ಅರಭಟ್ಟನ ಶಾಸನವನ್ನು ಹೈಸ್ಕೂಲು ಓದುವ ಮಗನಿಗೆ ತೋರಿಸಬೇಕು. ಗುಹೆಯೊಳಗಿದೆಯೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಗುಹೆಯಲ್ಲಿಲ್ಲ. ಅಗಸ್ತ್ಯ ತೀರ್ಥದ ಕೆರೆಯ ಆಚೆ, ತಟ್ಟುಕೋಟೆಯ ಕಡೆಯ ಬಂಡೆಯ ಮೇಲೆ ಎತ್ತರದಲ್ಲಿದೆ. ಸುಮಾರು 700ರ ಕಾಲದ್ದು. ‘ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ’ ಎಂಬ ಸಾಲು ಅಲ್ಲಿಯದೇ, ಕನ್ನಡ ತ್ರಿಪದಿಯ ಅತಿ ಹಳೆಯ ಮಾದರಿಯೂ ಅದೇ. ಹೊರಡುವ ಮುಂಚೆ ಮನೆಯಲ್ಲೇ ಹುಡುಗನಿಗೆ ಬಾಯಿಪಾಠ ಮಾಡಿಸಿ. ಕೆಳಗೆ ನಿಂತು ಅವನೇ ಗಟ್ಟಿಯಾಗಿ ಹೇಳಲಿ. ದುರ್ಬೀನಿದ್ದರೆ ಒಯ್ಯಿರಿ, ಅಕ್ಷರಗಳ ದುಂಡು ಅವನಿಗೂ ಕಾಣುತ್ತದೆ. ದಾರಿ ತಿಳಿಯದಿದ್ದರೆ ಭೂತನಾಥ ಗುಡಿಯ ಹತ್ತಿರ ಯಾರನ್ನಾದರೂ ತಟ್ಟುಕೋಟೆ ಎಲ್ಲಿ ಎಂದು ಕೇಳಿ.